ಕಾಲಿಗೆ ಬಿದ್ದವರು, ಕರೆಂಟು ಕೊಟ್ಟವರು

ನನ್ನ ಕಾಲಿಗೆ ಮೊದಲು ಬಿದ್ದವಳು ನನ್ನ ಗಂಡನ ಕಾಕು, ಅಂದರೆ ಅವನ ಚಿಕ್ಕಪ್ಪನ ಹೆಂಡತಿ. ಹುಕ್ಕೇರಿಯವಳು, ನನಗಿಂತ ಬಹಳ ದೊಡ್ಡವಳು. ಮೂಡಲಗಿಯ ನಮ್ಮ ನಡುಮನೆಯ ಮಂಚದ ಮೇಲೆ ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಅವಳು ಬಂದದ್ದಾಗಲಿ, ನನ್ನ ಪಾದ ಮುಟ್ಟಿದ್ದಾಗಲಿ ನನಗೆ ಗೊತ್ತಾಗಲಿಲ್ಲ. ಮೊಣಕಾಲಿನಿಂದ ಕೆಳಗೆ ನನಗೆ ಆಗಲೇ ಏನೂ ತಿಳಿಯುತ್ತಿರಲಿಲ್ಲ. ಬಳೆಗಳ ಸಪ್ಪಳಕ್ಕೆ ಕತ್ತು ಹೊರಳಿಸಿ ನೋಡಿದರೆ ಅವಳ ಹಣೆ ನನ್ನ ಪಾದದ ಮೇಲಿತ್ತು. ಕಣ್ಣು ಮುಚ್ಚಿಕೊಂಡಿದ್ದಳು. ಆ ಪಾದಗಳನ್ನು ಯಾರೂ ತೊಳೆದಿರಲಿಲ್ಲ, ಉಗುರು ಬೆಳೆದಿದ್ದವು, ಬೆಳಿಗ್ಗೆ ಒದ್ದೆಯಾದ ಹಾಸಿಗೆ ಇನ್ನೂ ಪೂರ್ತಿ ಆರಿರಲಿಲ್ಲ.

"ಪುಣ್ಯವಂತಿ ನೀ," ಎಂದಳು ಕಾಕು, ಸೆರಗಿನಿಂದ ಕಣ್ಣೊರೆಸಿಕೊಂಡು. "ನಮ್ಮ ಮನಿತನದಾಗ ಇಂಥಾ ಭಾಗ್ಯ ಯಾರಿಗೂ ಬಂದಿರಲಿಲ್ಲ."

ಬಂದದ್ದು ಏನೆಂದು ಮೊದಲು ಹೇಳಿಬಿಡುತ್ತೇನೆ. ಇಲ್ಲವಾದರೆ ಇದನ್ನು ಓದುವವರೂ ನನ್ನನ್ನು ಪುಣ್ಯವಂತೆ ಎಂದುಕೊಂಡಾರು.

ನಾನು ಗೋಕಾಕದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಮೂಡಲಗಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುವುದು. ಕಬ್ಬಿನ ಹಂಗಾಮಿನಲ್ಲಿ ಗಾಡಿಗಳ ಸಾಲಿನ ಹಿಂದೆ ಬಸ್ಸು ತೆವಳುವಾಗ ಕಿಟಕಿಯ ಪಕ್ಕ ಕೂತು ಪರೀಕ್ಷೆಯ ಉತ್ತರ ತಿದ್ದುತ್ತಿದ್ದೆ. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಎಡಗಣ್ಣು ಮಸುಕಾಯಿತು. ನಾನೇ ಹಾಕಿದ ಕೆಂಪು ಗುರುತು ಒಂದು ಕಣ್ಣಿಗೆ ಕೆಂಪಾಗಿಯೂ ಇನ್ನೊಂದಕ್ಕೆ ಮಾಸಿದ ಕಂದಾಗಿಯೂ ಕಾಣುತ್ತಿತ್ತು. ಕೆಲವು ವಾರಗಳಲ್ಲಿ ತಾನಾಗಿ ಸರಿಹೋಯಿತು. ಮರುವರ್ಷ ಕಾಲಿಗೆ ಬಂತು. ಬಿಸಿಲೇರಿದಂತೆ ಕಾಲು ಸೋಲುವುದು, ತಣ್ಣೀರು ಸುರಿದುಕೊಂಡರೆ ಸ್ವಲ್ಪ ತಿರುಗಿ ಬರುವುದು. ಒಂದು ದಿನ ಕರಿಹಲಗೆಯ ಮುಂದಿನ ಕಟ್ಟೆಯಿಂದ ಉರುಳಿಬಿದ್ದೆ. ಮಕ್ಕಳು ನಕ್ಕರು, ಹೆಡ್ಮಾಸ್ತರರು ರಜೆ ಹಾಕಿರಿ ಎಂದರು, ಆ ರಜೆ ಮುಗಿಯಲೇ ಇಲ್ಲ.

ಮಿರಜಿನಲ್ಲಿ ತಲೆಯ ಸ್ಕ್ಯಾನ್ ಮಾಡಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು, ಮೆದುಳು ಮತ್ತು ಬೆನ್ನುಹುರಿಯ ನರಗಳ ಮೇಲಿನ ಹೊದಿಕೆಯನ್ನು ಅಲ್ಲಲ್ಲಿ ಸುಲಿದುಹಾಕುವ ರೋಗ. ನನ್ನ ಗಂಡನಿಗೆ ಮೂಡಲಗಿ ಪೇಟೆಯಲ್ಲಿ ನೀರೆತ್ತುವ ಮೋಟಾರು ಮಾರುವ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ಡಾಕ್ಟರ ಮಾತು ಮುಗಿಯುವ ಮೊದಲೇ, "ಹಂಗಾರ ವೈರಿನ ಮ್ಯಾಲಿನ ವಾರ್ನಿಶ್ ಹೋಗೇತಿ ಅನ್ರಿ," ಎಂದ. ಅರ್ಥವಾದ ಖುಷಿ ಅವನ ಮುಖದಲ್ಲಿ ಕಂಡಿತು. ಕೆಟ್ಟವನೇನಲ್ಲ. ಆದರೆ ರಿಪೇರಿಯಾಗದ ಮೋಟಾರನ್ನು ಗುಜರಿಗೆ ಹಾಕಬೇಕೆಂಬುದೂ ಅವನ ಕಸುಬಿನ ತಿಳಿವಳಿಕೆಯೇ ಆಗಿತ್ತು.

ಕಾಲು ಹೋದದ್ದಕ್ಕೆ ನಾನು ಅತ್ತುಬಿಟ್ಟೆ, ಸಿಟ್ಟು ಮಾಡಿದೆ, ತಾಟು ಎಸೆದೆ. ಅದು ಸರಿ. ಆಮೇಲೆ ಬಂದದ್ದು ಬೇರೆ. ಅಳುವುದು ನಿಂತಿತು, ಸಿಟ್ಟೂ ನಿಂತಿತು. ಬೆಳಗಾದರೆ ಬೆಳಗಾಯಿತಲ್ಲ ಎಂದು ಬೇಜಾರು. ಫ್ಯಾನು ತಿರುಗಿದರೆ ಬೇಜಾರು, ನಿಂತರೂ ಬೇಜಾರು. ಬಾಯಿಗಿಟ್ಟ ಅನ್ನ ತೊಯ್ದ ಕಾಗದದಂತಿರುತ್ತಿತ್ತು. ಅದನ್ನು ಅಗಿಯಬೇಕು, ನುಂಗಬೇಕು, ಮತ್ತೆ ಕೈ ಎತ್ತಬೇಕು ಎನ್ನುವುದು ನೆನಪಾದರೇ ದಣಿವು. ನನ್ನಿಂದ ಈ ಮನೆಗೆ ಹೊಲಸು ಬಟ್ಟೆ ಬಿಟ್ಟು ಬೇರೇನೂ ಹುಟ್ಟುತ್ತಿಲ್ಲ, ನಾನು ಹೋದರೆ ಎಲ್ಲರಿಗೂ ಹಗುರ ಎಂದು ತಲೆಯೊಳಗೆ ಒಂದು ಮಾತು ಬಿಡದೆ ನಡೆಯುತ್ತಿತ್ತು.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಯಾರೂ ಉಣ್ಣುವುದಿಲ್ಲ. ಸಂಜೆ ಅತ್ತೆ ತಾಟು ತಂದಿಟ್ಟು ದೀಪದ ಕೆಲಸಕ್ಕೆ ಹೋಗುತ್ತಿದ್ದಳು. ನನ್ನ ನಡುಗುವ ಕೈ ಒಂದು ತುತ್ತು ಎತ್ತುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು, ತಾಟು ಹಾಗೇ ಉಳಿಯುತ್ತಿತ್ತು. ಅತ್ತೆ ಬಂದು ನೋಡಿ, ಒತ್ತಾಯ ಮಾಡದೆ ತಾಟು ಎತ್ತಿಕೊಂಡು ಹೋಗುತ್ತಿದ್ದಳು. ಸೊಸೆ ಹೊತ್ತಿನ ನೇಮ ಮುರಿಯುವುದಿಲ್ಲವಲ್ಲ ಎಂದು ಅವಳಿಗೆ ಹೆಮ್ಮೆ. ಆಮೇಲೆ ಮಧ್ಯಾಹ್ನದ ತಾಟೂ ಹಾಗೇ ಉಳಿಯತೊಡಗಿತು. ಅತ್ತೆ ಅದನ್ನೂ ಉಪವಾಸವೆಂದು ಎಣಿಸಿದಳು. ನಾನು ಬೇಡ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಮಾತಾಡುವುದೂ ಅಗಿಯುವುದರಷ್ಟೇ ಕಷ್ಟವಿತ್ತು.

ಕಾಕು ಹುಕ್ಕೇರಿಯಿಂದ ಬಂದದ್ದು ಆ ಹೊತ್ತಿಗೆ. ಅಡಿಗೆ ಮನೆಯಲ್ಲಿ ಅತ್ತೆಯ ಹತ್ತಿರ ವಿವರ ಕೇಳಿಕೊಂಡು, ಹೊರಗೆ ಬಂದು, ನನ್ನ ಕಾಲಿಗೆ ಬಿದ್ದು, ಪುಣ್ಯವಂತಿ ಎಂದು ಘೋಷಿಸಿಬಿಟ್ಟಳು. ಇಕಿ ಸಲ್ಲೇಖನದ ಹಾದಿ ಹಿಡದಾಳ ಎಂದಳು. ಸಲ್ಲೇಖನವೆಂದರೆ ಬಾಳು ಮಾಗಿ, ಇನ್ನು ದೇಹ ಉಳಿಯದು ಎಂದಾದಾಗ, ಗುರುಗಳ ಅಪ್ಪಣೆ ಪಡೆದು, ಮೋಹ ಬಿಟ್ಟು, ಶಾಂತವಾಗಿ ಆಹಾರವನ್ನು ಕಡಿಮೆ ಮಾಡುತ್ತ ಹೋಗುವ ವ್ರತ. ಅದಕ್ಕೆ ನಮ್ಮವರಲ್ಲಿ ಇರುವ ಗೌರವ ಸಣ್ಣದಲ್ಲ, ನನಗೂ ಇದೆ. ಆದರೆ ನನಗಿನ್ನೂ ನಲವತ್ತಾಗಿರಲಿಲ್ಲ. ನಾನು ಯಾವ ಗುರುವನ್ನೂ ಕೇಳಿರಲಿಲ್ಲ, ಮೋಹ ಬಿಟ್ಟಿರಲಿಲ್ಲ. ನನಗೆ ಊಟ ಬೇಡವಾಗಿತ್ತು, ಅಷ್ಟೇ.

ಹೇಳುವವರಿಗೆ ಬಾಯಿ, ಕೇಳುವವರಿಗೆ ಕಿವಿ ಬೇಕಿತ್ತು. ಮೂಡಲಗಿಯಲ್ಲಿ ಒಂದು ಸುದ್ದಿ ಪೇಟೆಯ ಈ ಕೊನೆಯಿಂದ ಆ ಕೊನೆಗೆ ಹೋಗಲು ಸಂತೆಯ ದಿನವೇ ಆಗಬೇಕಿಲ್ಲ. ಮಸಗುಪ್ಪಿಯಿಂದ, ಗೋಕಾಕದಿಂದ ನೆಂಟರು ಬರತೊಡಗಿದರು. ನನ್ನ ಹೂವಿನ ಗೌನು ಬಿಚ್ಚಿ ಬಿಳಿ ಸೀರೆ ಸುತ್ತಿದರು. ಮಂಚ ತೆಗೆದು ನೆಲದ ಮೇಲೆ ಚಾಪೆ ಹಾಸಿದರು. ನನ್ನ ಬೆನ್ನಿಗೆ ಹುಣ್ಣಾಗುವ ಲಕ್ಷಣವಿದೆ, ಮೆತ್ತಗಿನ ಹಾಸಿಗೆ ಬೇಕು ಎಂದು ಆಸ್ಪತ್ರೆಯ ನರ್ಸ್ ಹೇಳಿದ್ದು ಯಾರಿಗೂ ನೆನಪಿರಲಿಲ್ಲ. ಉಚ್ಚೆಯ ವಾಸನೆ ಮುಚ್ಚಲು ಅತ್ತೆ ಒಂದರ ಹಿಂದೊಂದು ಊದಿನಕಡ್ಡಿ ಹಚ್ಚುತ್ತಿದ್ದಳು. ಬಂದವರು ಮೂಗರಳಿಸಿ, "ಎಂಥಾ ಸುವಾಸನಿ ಐತ್ರಿ ಈ ಖೋಲ್ಯಾಗ! ಪುಣ್ಯದ ಜಾಗಾ ಅಂದ್ರ ಇದ," ಎನ್ನುತ್ತಿದ್ದರು. ಚಾಪೆಯ ಕೆಳಗೆ ಪ್ಲಾಸ್ಟಿಕ್ ಹಾಳೆಯಿತ್ತು. ಅವರು ಅದರ ಅಂಚಿನ ಮೇಲೆಯೇ ಮೊಣಕಾಲೂರಿ, ತೆಂಗಿನಕಾಯಿ ಇಟ್ಟು ಕೈಮುಗಿಯುತ್ತಿದ್ದರು. ಆ ಅಸಹ್ಯ ನೆನೆಸಿಕೊಂಡರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಕಾಕು ತನ್ನ ಮಗನನ್ನೂ ಕರೆತಂದಳು. ಡಿಪ್ಲೊಮಾ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗುತ್ತಿದ್ದ ಗಡ್ಡ ಬಂದ ಗಂಡಸು. ಅವನ ತಲೆ ನನ್ನ ಪಾದಕ್ಕೆ ಒತ್ತಿಹಿಡಿದು, "ಆಶೀರ್ವಾದ ಮಾಡು, ನಿನ್ನ ಮಾತಿಗೆ ಈಗ ಭಾಳ ಶಕ್ತಿ ಐತಿ," ಎಂದಳು. ಹೋದ ವರ್ಷ ನಾನು ಗಣಿತ ಹೇಳಿಕೊಡುತ್ತೇನೆ ಎಂದಾಗ ಸಮಯವಿಲ್ಲ ಎಂದಿದ್ದವನು ಅವನೇ. ನೆಂಟರ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಇನ್ನೊಬ್ಬಳಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಮಕ್ಕಳಿಲ್ಲ ಮರಿಯಿಲ್ಲ, ಅಕಿಗಿನ್ನ ಯಾತರ ಮೋಹ? ಛಲೋ ಆತು." ಕಿವಿ ಚುರುಕಾಗಿಯೇ ಇದ್ದವು ನನ್ನವು. ರೋಗ ಅವನ್ನು ಮುಟ್ಟಿರಲಿಲ್ಲ.

ಇವರೆಲ್ಲರ ಮೇಲೆ ಹೇಸಿಕೆ ಇದ್ದೇ ಇತ್ತು. ಆದರೆ ಎಲ್ಲಕ್ಕಿಂತ ಕೆಟ್ಟ ಘಳಿಗೆ ಅತ್ತೆ ನನ್ನ ಕಾಲಿಗೆ ಬಿದ್ದದ್ದು. ನಾನು ಮದುವೆಯಾಗಿ ಬಂದಾಗಿನಿಂದ ಹಬ್ಬ ಹುಣ್ಣಿಮೆಗೆ ನಾನು ಅವಳ ಕಾಲಿಗೆ ಬೀಳುತ್ತಿದ್ದವಳು. ಅವಳ ಗಂಟುಗಂಟಾದ ಬೆರಳುಗಳು ನನ್ನ ಜೀವವಿಲ್ಲದ ಬೆರಳುಗಳ ಮೇಲೆ ಬಂದದ್ದನ್ನು ಬೇರೆ ಯಾರದೋ ಕಾಲಿನ ಮೇಲೆ ಬಂದಂತೆ ನೋಡಿದೆ. ಅವಳು ಅಳುತ್ತಿದ್ದಳು, ಜೊತೆಗೆ ಸಂತೋಷವಾಗಿಯೂ ಇದ್ದಳು. ಇಷ್ಟು ವರ್ಷ ನನ್ನ ಹೇಲು ಉಚ್ಚೆ ಬಾಚಿದ ಮುದುಕಿಗೆ ಕೊನೆಗೂ ಒಂದು ಅರ್ಥ ಸಿಕ್ಕಿತ್ತು. ಅದನ್ನು ಕಿತ್ತುಕೊಳ್ಳುವ ತ್ರಾಣ ನನ್ನಲ್ಲಿರಲಿಲ್ಲ. ನನ್ನ ತಲೆಯೊಳಗಿನ ಮಾತು ಏನು ಹೇಳುತ್ತಿತ್ತೋ ಅದನ್ನೇ ಇವರೆಲ್ಲ ಕೈಮುಗಿದು ಹೇಳುತ್ತಿದ್ದರು: ನೀನು ಹೋಗು. ಮನೆ ತುಂಬ ಜನ ಒಂದೇ ಮಾತು ಹೇಳಿದರೆ ಅದು ನಿಜವೇ ಇರಬೇಕು ಎಂದುಕೊಂಡೆ.

ಒಬ್ಬರು ಮಾತ್ರ ಬೇರೆ ಮಾತು ಹೇಳಿದರು. ಗೋಕಾಕದ ನಮ್ಮ ಡಾಕ್ಟರು, ಅವರ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ಸುದ್ದಿ ಕೇಳಿ ತಾವೇ ಸ್ಕೂಟರಿನಲ್ಲಿ ಬಂದರು. ಊದಿನಕಡ್ಡಿಯ ಹೊಗೆಗೆ ಕೆಮ್ಮಿ, ಕಿಟಕಿ ತೆರೆಸಿ, ನನ್ನ ಕಣ್ಣು ನಾಲಿಗೆ ನೋಡಿ, ಹೊರಗೆ ಪಡಸಾಲೆಯಲ್ಲಿ ಕೂತು ನನ್ನ ಗಂಡನಿಗೆ ಬೈದರು. "ಇದು ವ್ರತ ಅಲ್ರಿ, ಡಿಪ್ರೆಶನ್. ಆ ರೋಗದ ಜೋಡಿನ ಇದೂ ಬರ್ತೈತಿ. ಮೆದುಳಿನ ಕಾಯಿಲೇರಿ ಇದು, ಅಕಿ ಮನಸ್ಸಿನ ಸೋಗಲ್ಲ. ನಾ ಕೊಟ್ಟ ಗುಳಿಗಿ ಹತ್ತಿಲ್ಲ. ಊಟಾ ಬಿಟ್ಟಾರ, ಇನ್ನ ಕಾಯಾಕ ವ್ಯಾಳ್ಯಾ ಇಲ್ಲ. ಬೆಳಗಾವಿಗೆ ಒಯ್ರಿ. ಮಂಪರು ಕೊಟ್ಟು ತಲಿಗೆ ಸಣ್ಣ ಕರೆಂಟ್ ಕೊಡ್ತಾರ. ಅಕಿ ಎದ್ದು ಕೂಡೂ ಸಂಭವ ಐತಿ."

ಕರೆಂಟ್ ಎಂದ ಕೂಡಲೇ ನನ್ನ ಗಂಡ ತನಗೆ ತಿಳಿದದ್ದನ್ನೇ ಹೇಳಿದ: "ಸಾಹೇಬ್ರ, ವೈಂಡಿಂಗ್ ಹೋದ ಮೋಟಾರಿಗೆ ಕರೆಂಟ್ ಕೊಟ್ರ ಉಳದದ್ದೂ ಸುಡ್ತೈತಿ. ನಾ ದಿನಾ ನೋಡ್ತೇನಿ."

"ನಿಮ್ಮ ಹೇಣ್ತಿ ಮೋಟಾರ್ ಅಲ್ರಿ!" ಎಂದು ಡಾಕ್ಟರು ಕಿರುಚಿದರು.

ಅಷ್ಟರಲ್ಲಿ ಕಾಕು ಅಡಿಗೆ ಮನೆಯಿಂದಲೇ ದನಿ ಎತ್ತಿದಳು. "ಕರೆಂಟ್ ಕೊಡೂದು ಹುಚ್ಚರಿಗ್ರಿ. ನಾಳೆ ನಮ್ಮ ಮನಿ ಹುಡುಗೂರಿಗೆ ಹೆಣ್ಣ ಯಾರ ಕೊಡ್ತಾರ? ಇಡೀ ಮನಿತನಾ ಕೈ ಮುಗಿಸ್ಕೊಳ್ಳೂವಾಗ ಹುಚ್ಚಿ ಅನಸ್ಕೋಬೇಕೇನು ಅಕಿ?"

ಡಾಕ್ಟರು ಚಹಾ ಮುಟ್ಟದೆ ಹೋದರು. ಸ್ಕೂಟರು ಕಿಕ್ ಹೊಡೆದಿದ್ದು ಕೇಳಿಸಿತು, ಸದ್ದು ಕಡಿಮೆಯಾಗುತ್ತ ಹೋದದ್ದು ಕೇಳಿಸಿತು. ನನಗೆ ಬೇಸರವೂ ಆಗಲಿಲ್ಲ. ಗೋಡೆಯ ಕಡೆ ಹೊರಳಲು ಯಾರಾದರೂ ಸಹಾಯ ಮಾಡಿದರೆ ಸಾಕೆನಿಸಿತ್ತು.

ಡಾಕ್ಟರ ಮಾತಿನಿಂದ ಆದದ್ದೆಂದರೆ ಕಾಕುವಿಗೆ ಅವಸರ ಹತ್ತಿತು. ವ್ರತ ಗಟ್ಟಿಯಾಗಬೇಕಾದರೆ ಗುರುಗಳ ಅಪ್ಪಣೆ ಬೇಕಲ್ಲ. ಹುಕ್ಕೇರಿಯ ಸಮೀಪದ ಒಂದು ಹಳ್ಳಿಯ ಬಸದಿಯಲ್ಲಿ ಆ ಮಳೆಗಾಲ ಒಬ್ಬ ಮಾತಾಜಿ, ಅಂದರೆ ಸಂನ್ಯಾಸಿನಿ, ತಂಗಿದ್ದರು. ಬಹಳ ಕಟ್ಟುನಿಟ್ಟಿನವರು ಎಂದು ಹೆಸರಾಗಿದ್ದರು. ಅವರಿಂದ ಅಪ್ಪಣೆ ಕೊಡಿಸಿಬಿಟ್ಟರೆ ಡಾಕ್ಟರೂ ಬಾಯಿ ಮುಚ್ಚಬೇಕು ಎಂಬುದು ಕಾಕುವಿನ ಲೆಕ್ಕ. ನಮ್ಮ ಬಾಜೂ ಮನೆಯ ಮುಸಲ್ಮಾನರ ಟ್ರ್ಯಾಕ್ಸ್ ಗಾಡಿ ಹೇಳಿದರು. ಅದರ ಹಿಂದಿನ ಸೀಟು ಮಡಚಿ, ಗಾದಿ ಹಾಸಿ, ನನ್ನನ್ನು ಅದರ ಮೇಲೆ ಹಾಕಿದರು. ಮೂಡಲಗಿಯಿಂದ ಗೋಕಾಕ, ಗೋಕಾಕದಿಂದ ಹುಕ್ಕೇರಿ. ನಾನು ವರ್ಷಗಟ್ಟಲೆ ಬಸ್ಸಿನಲ್ಲಿ ನೋಡಿದ ದಾರಿ ಈಗ ಮಲಗಿದಲ್ಲಿಂದ ಬರೀ ಮರದ ತುದಿ, ವೈರು, ಮೋಡವಾಗಿ ಹೋಗುತ್ತಿತ್ತು. ಗೋಕಾಕದಲ್ಲಿ ನನ್ನ ಸಾಲೆಯ ಗಂಟೆ ಕೇಳಿಸಿತು. ಯಾವ ಪಿರಿಯಡ್ ಎಂದು ಯೋಚಿಸಲೂ ಮನಸ್ಸಾಗಲಿಲ್ಲ.

ಮಾತಾಜಿ ಮರದ ಹಲಗೆಯ ಮೇಲೆ ಕೂತಿದ್ದರು. ಒಣಕಲು ಮೈ, ಚೂಪು ಕಣ್ಣು, ಪಕ್ಕದಲ್ಲಿ ಹುಳಹುಪ್ಪಟೆಯನ್ನು ನೋಯಿಸದೆ ಸರಿಸುವ ನವಿಲುಗರಿಯ ಪಿಂಛಿ. ಕಾಕು ನನ್ನ ತ್ಯಾಗದ ವರ್ಣನೆ ಮಾಡಲು ಶುರು ಮಾಡಿದಳು. ಮಾತಾಜಿ ಕೈಯೆತ್ತಿ ತಡೆದು, "ಎಲ್ಲಾರೂ ಹೊರಗ ನಡೀರಿ," ಎಂದರು. ಅತ್ತೆಯೊಬ್ಬಳು ಬಾಗಿಲ ಹತ್ತಿರ ಉಳಿದಳು, ನನಗೆ ಮೂತ್ರ ಬಂದರೆ ಯಾರಾದರೂ ಬೇಕಲ್ಲ.

"ಊಟಾ ಯಾಕ ಬಿಟ್ಟಿ?" ಎಂದು ಕೇಳಿದರು ಮಾತಾಜಿ.

ತಿಂಗಳುಗಳಲ್ಲಿ ಯಾರೂ ನನ್ನನ್ನು ಕೇಳದ ಪ್ರಶ್ನೆ ಅದು. ಅವರು ಕಾದರು.

"ಬ್ಯಾಡಾಗೇತ್ರಿ."

"ಊಟ ಅಷ್ಟ ಬ್ಯಾಡಾಗೇತೋ, ಎಲ್ಲಾನೂ?"

"ಎಲ್ಲಾನೂ ಬ್ಯಾಡಾಗೇತ್ರಿ."

"ಸಾಯಬೇಕು ಅನಸ್ತೈತೇನು?"

"ಹೂನ್ರಿ," ಎಂದೆ. ಆ ಮಾತು ಬಾಯಿಂದ ಹೊರಗೆ ಬಂದದ್ದು ಅದೇ ಮೊದಲು. ಬಾಗಿಲಲ್ಲಿ ಅತ್ತೆಯ ಬಳೆ ಸಪ್ಪಳವಾಯಿತು.

ಮಾತಾಜಿ ಹೊರಗಿನವರನ್ನು ಒಳಗೆ ಕರೆದರು. ಅವರ ದನಿಯಲ್ಲಿ ಕರುಣೆಗಿರುಣೆ ಏನೂ ಇರಲಿಲ್ಲ, ಸಿಟ್ಟಿತ್ತು. "ಸಾಯಬೇಕು ಅನ್ನೋರಿಗೆ ಈ ವ್ರತಾ ಇಲ್ಲ. ಸಾಯೂ ಆಸೆ ಇಟ್ಕೊಂಡು ಊಟಾ ಬಿಟ್ರ ಅದು ವ್ರತಕ್ಕ ದೋಷ. ಇಕಿ ಬ್ಯಾನಿ ಬಿದ್ದಾಳ, ನೀವು ಅಕಿ ಮುಂದ ತೆಂಗಿನಕಾಯಿ ಇಡಾಕತ್ತೀರಿ. ಇದು ಹಿಂಸಾ. ಡಾಕ್ಟರ್ ಏನ ಹೇಳ್ಯಾರೋ ಅದನ್ನ ಮಾಡ್ರಿ, ಊಟಾ ಮಾಡಸ್ರಿ. ಹೋಗ್ರಿ."

ಹೀಗೆ ಹೇಳಿದ ಮೇಲಾದರೂ ಸುಮ್ಮನಾಗಬೇಕಲ್ಲ. ಗಾಡಿ ಹುಕ್ಕೇರಿ ದಾಟುವ ಮೊದಲೇ ಕಾಕು ಬಾಯಿ ತೆರೆದಳು. ಇವರಲ್ಲದಿದ್ದರೆ ಇನ್ನೊಬ್ಬರು, ಮಹಾರಾಷ್ಟ್ರದ ಕಡೆ ಒಬ್ಬ ಮುನಿ ಮಹಾರಾಜರಿದ್ದಾರೆ, ಇಷ್ಟು ಕಟ್ಟುನಿಟ್ಟಿಲ್ಲ, ಇಷ್ಟು ಮಂದಿ ಬಂದು ಕೈಮುಗಿದ ಮೇಲೆ ಈಗ ವ್ರತವೇ ಅಲ್ಲ ಎಂದರೆ ಮುಖ ಹೇಗೆ ತೋರಿಸುವುದು. ಸತ್ತ ಪ್ರಾಣಿಯ ಸುತ್ತ ನೊಣ ಗುಂಯ್‌ಗುಟ್ಟಿದಂತೆ ಅವಳ ಮಾತು ನನ್ನ ತಲೆಯ ಮೇಲೆ ಸುತ್ತುತ್ತಿತ್ತು. ನನ್ನ ಗಂಡ ಮುಂದಿನ ಸೀಟಿನಲ್ಲಿ ಕೂತು ಹೂಂ, ಹೂಂ ಎನ್ನುತ್ತಿದ್ದ.

ಅತ್ತೆ ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗೋಕಾಕ ಬಂದಾಗ ಡ್ರೈವರನಿಗೆ, "ಗಾಡಿ ತಿರಗಸಪ್ಪಾ, ಬೆಳಗಾವಿಗೆ ನಡಿ," ಎಂದಳು.

"ಏನ ಅಂತೀಯವ್ವಾ?" ಎಂದ ನನ್ನ ಗಂಡ.

"ಮಾತಾಜಿ ಹೇಳ್ಯಾರ, ಡಾಕ್ಟರ್ ಹೇಳಿದ್ದ ಮಾಡ್ರಿ ಅಂತ. ಡಾಕ್ಟರ್ ಕರೆಂಟ್ ಅಂದಾರ. ಆತು, ಕರೆಂಟ್. ಗುರುಗಳ ಮಾತ ಮೀರಾಕ ನಾ ತಯಾರಿಲ್ಲ."

ನಿಜ ಹೇಳಬೇಕೆಂದರೆ ಆ ಘಳಿಗೆ ನೆನೆದರೆ ನನಗೆ ಈಗ ಅವಳ ಮೇಲೂ ರೇಗುತ್ತದೆ. ನನ್ನನ್ನು ಕೊಲ್ಲಲು ಹೊರಟದ್ದೂ ಭಕ್ತಿ, ಉಳಿಸಲು ಹೊರಟದ್ದೂ ಅದೇ ಭಕ್ತಿ. ನಡುವೆ ನಾನು ಯಾರು? ಆದರೆ ಕಾಕು ಗೋಕಾಕದಲ್ಲಿಯೇ ಮುಖ ಊದಿಸಿಕೊಂಡು ಗಾಡಿಯಿಂದ ಇಳಿದದ್ದನ್ನು ನೋಡಿ, ಎಷ್ಟೋ ದಿನಗಳ ಮೇಲೆ ಸ್ವಲ್ಪ ಸಮಾಧಾನವಾಯಿತು.

ಬೆಳಗಾವಿಯ ಆಸ್ಪತ್ರೆಯಲ್ಲಿ ಕೂಡಲೇ ಕರೆಂಟು ಕೊಡಲಿಲ್ಲ. ಮೊದಲು ಸಲಾಯಿನ್ ಹಚ್ಚಿದರು. ಮನೋರೋಗದ ಡಾಕ್ಟರು ನರರೋಗದ ಡಾಕ್ಟರನ್ನು ಕರೆಸಿ, ನನ್ನ ಸ್ಕ್ಯಾನಿನ ಫಿಲ್ಮನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ಮಾತಾಡಿದರು. ಮೆದುಳಿನಲ್ಲಿ ಆಗಲೇ ಕಲೆಗಳಿರುವವಳಿಗೆ ಇದನ್ನು ಕೊಟ್ಟರೆ ಮೂಲ ರೋಗ ಕೆರಳುತ್ತದೆಯೇ ಎಂಬ ಅಳುಕು ಅವರಿಗೂ ಇತ್ತು. ನನ್ನ ಗಂಡನ ಮೋಟಾರಿನ ಮಾತು ತೀರ ಮೂರ್ಖತನದ್ದಾಗಿರಲಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಈಗಲೂ ಕಷ್ಟ. "ಖಾತ್ರಿ ಕೊಡಾಕ ಆಗೂದಿಲ್ಲ. ನೆನಪು ಒಂದಿಷ್ಟು ಹೋಗಬಹುದು. ಆದರೆ ಹಿಂಗ ಬಿಟ್ರ ಇವರು ಉಳಿಯೂದಿಲ್ಲ, ಇದು ಖಾತ್ರಿ," ಎಂದರು. ಅತ್ತೆ ಹೆಬ್ಬೆಟ್ಟು ಒತ್ತಲು ಮುಂದೆ ಬಂದಳು. ಗಂಡನಿರುವಾಗ ಅವನ ಸಹಿ ಬೇಕು ಎಂದರು, ಅವನು ಅವ್ವನ ಮುಖ ನೋಡಿ ಸಹಿ ಹಾಕಿದ. ಡಾಕ್ಟರು ಅಲ್ಲಿಗೇ ನಿಲ್ಲದೆ ನನ್ನ ಮುಖದ ಹತ್ತಿರ ಬಾಗಿ, "ನಿಮ್ಮ ಒಪ್ಪಿಗಿ ಐತೇನ್ರಿ?" ಎಂದು ಕೇಳಿದರು. ಯಾವುದಾದರೂ ಒಂದು ಬೇಗ ಆಗಲಿ ಎಂದು ತಲೆ ಆಡಿಸಿದೆ.

ಚಿಕಿತ್ಸೆಯಲ್ಲಿ ಭವ್ಯವಾದದ್ದು ಏನೂ ಇಲ್ಲ. ಕಣತಲೆಗೆ ತಣ್ಣನೆಯ ಲೋಳೆ ಹಚ್ಚುತ್ತಾರೆ, ಅದು ಕೂದಲಿಗೆ ಅಂಟಿ ಒಣಗಿ ಹಕ್ಕಳೆಯಾಗುತ್ತದೆ. ಬಾಯಿಗೆ ರಬ್ಬರು ಕೊಡುತ್ತಾರೆ, ಅದರ ರುಚಿ ಸೈಕಲ್ ಅಂಗಡಿಯದು. ತೋಳಿಗೆ ಸೂಜಿ, ಆಮೇಲೆ ಏನೂ ಇಲ್ಲ. ಎಚ್ಚರವಾದಾಗ ದವಡೆ ನೋವು, ತಲೆಶೂಲೆ, ಒದ್ದೆ ಚಾದರ. ಇದು ಯಾವ ಊರು ಎಂದು ಕೇಳುತ್ತಿದ್ದೆನಂತೆ. ಒಂದು ದಿನ ಬಿಟ್ಟು ಒಂದು ದಿನ ಇದೇ ಕತೆ. ಹೊರಗೆ ಬೆಂಚಿನ ಮೇಲೆ ಅತ್ತೆ ಜಪಮಾಲೆ ಹಿಡಿದು ಕೂತಿರುತ್ತಿದ್ದಳು. ಪಕ್ಕದಲ್ಲಿದ್ದವರು ಯಾಕೆ ಬಂದಿರಿ ಎಂದರೆ, "ನಮ್ಮ ಸೊಸಿಗೆ ಮಾತಾಜಿ ಕರೆಂಟ್ ಹೇಳ್ಯಾರ್ರಿ," ಎನ್ನುತ್ತಿದ್ದಳು. ಆ ವಾಕ್ಯ ಕೇಳಿ ಆಸ್ಪತ್ರೆಯ ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಎಷ್ಟನೆಯ ಸಲವೋ ಆದ ಮೇಲಿನ ಒಂದು ಸಂಜೆ. ಪಕ್ಕದ ಹಾಸಿಗೆಯ ರೋಗಿಯ ಕಡೆಯವರು ಡಬ್ಬಿ ಬಿಚ್ಚಿದ್ದರು. ಜೋಳದ ಭಕ್ಕರಿ, ಕಡಲೆಹಿಟ್ಟಿನ ಜುಣಕ, ಮುಷ್ಟಿಯಲ್ಲಿ ಗುದ್ದಿ ಒಡೆದ ಹಸಿ ಉಳ್ಳಾಗಡ್ಡಿ. ಆ ವಾಸನೆ ಬಂದು ಮೂಗಿಗೆ ಬಡಿಯಿತು. ಬಾಯಲ್ಲಿ ನೀರು ಬಂತು. ನನಗೆ ಮೊದಲು ಇದೇನೆಂದು ತಿಳಿಯಲಿಲ್ಲ, ಗಲ್ಲದ ಒಳಗೆ ಚುರುಚುರು ಎನ್ನುತ್ತಿತ್ತು. ಹಸಿವು ಹೇಗಿರುತ್ತದೆಂಬುದೇ ಮರೆತುಹೋಗಿತ್ತು.

"ಅತ್ತಿ, ನನಗ ಅದು ಬೇಕು," ಎಂದೆ.

ಅತ್ತೆ ಹುಟ್ಟಿದಾಗಿನಿಂದ ಉಳ್ಳಾಗಡ್ಡಿ ಮುಟ್ಟಿದವಳಲ್ಲ. ನಮ್ಮ ಮನೆಯ ಹೊಸ್ತಿಲು ಅದು ದಾಟಿದ್ದಿಲ್ಲ. ಮೇಲಾಗಿ ಹೊತ್ತು ಮುಳುಗಿ ದೀಪ ಹಚ್ಚಿದ್ದರು. ಅವಳು ನನ್ನನ್ನು ನೋಡಿದಳು, ಕಿಟಕಿಯ ಹೊರಗಿನ ಕತ್ತಲು ನೋಡಿದಳು, ಆ ಡಬ್ಬಿ ನೋಡಿದಳು. ಎದ್ದು ಹೋಗಿ ಸೆರಗು ಒಡ್ಡಿ ಬೇಡಿದಳು. ಭಕ್ಕರಿಯ ಮೇಲೆ ಜುಣಕ ಹಾಕಿಸಿಕೊಂಡು, ಉಳ್ಳಾಗಡ್ಡಿಯ ಹೋಳನ್ನು ಎರಡು ಬೆರಳಲ್ಲಿ ಹಿಡಿದು, ಮುಖ ಆ ಕಡೆ ತಿರುಗಿಸಿಕೊಂಡು ನನ್ನ ಬಾಯಿಗಿಟ್ಟಳು. "ಊಟಾ ಮಾಡಸ್ರಿ ಅಂದಾರ ಮಾತಾಜಿ. ಉಳ್ಳಾಗಡ್ಡಿ ಬ್ಯಾಡ ಅಂದಿಲ್ಲ," ಎಂದು ತನಗೇ ಹೇಳಿಕೊಂಡಳು. ನಾನು ಕಚ್ಚಿದ ಸಪ್ಪಳಕ್ಕೆ ಅವಳ ಹೆಗಲು ನಡುಗಿತು. ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಕಾಣಲಿಲ್ಲ.

ಊರಿಗೆ ಬಂದ ಮೇಲೆ ಬೀದಿಯ ಇನ್ನೊಂದು ಮುಖ ಕಂಡಿತು. ನಾನು ನಡುಮನೆಯಲ್ಲಿ ಹೂವಿನ ಗೌನು ತೊಟ್ಟು ಎದ್ದು ಕೂತಿದ್ದೆ, ತಾಟಿನಲ್ಲಿದ್ದದ್ದು ಉಣ್ಣುತ್ತಿದ್ದೆ. ಯಾರೂ ಬರಲಿಲ್ಲ. ಕಾಲಿಗೆ ಹಣೆ ಹಚ್ಚಿದವರು ಈಗ ಕಿಟಕಿಯಿಂದ ಇಣುಕಿ ಹೋಗುತ್ತಿದ್ದರು, ನಾನು ಏನಾದರೂ ಕಿರುಚಿಯೇನು ಎಂದು. ನೆಂಟರ ಮಕ್ಕಳಿಗೆ ನನ್ನ ಹತ್ತಿರ ಹೋಗಬೇಡವೆಂದು ಹೇಳಿದ್ದರು. ಕಾಕು ಒಮ್ಮೆ ಬಂದವಳು ಬಾಗಿಲಿನಲ್ಲಿಯೇ ನಿಂತು, "ಕರೆಂಟ್ ಹೊಡಿಸ್ಕೊಂಡ ಬಂದಿಯಂತ?" ಎಂದಳು. ಅವಳ ದನಿಯಲ್ಲಿ ಮೋಸಹೋದವಳ ನೋವಿತ್ತು. ಆಶೀರ್ವಾದ ಹಿಂದಕ್ಕೆ ಕೊಡಲು ಬರುವಂತಿದ್ದರೆ ಕೊಟ್ಟೇ ಹೋಗುತ್ತಿದ್ದಳು. ಮಗ ಆ ಸಲವೂ ಫೇಲಾಗಿದ್ದ.

"ಹೂನ್ರಿ ಕಾಕು, ಛಲೋ ಐತಿ. ನಿಮಗೂ ಬೇಕಾದ್ರ ಹೇಳ್ರಿ, ಡಾಕ್ಟರ್ ನಮ್ಮ ಗುರುತಿನವರು," ಎಂದೆ. ಅವಳು ತಿರುಗಿ ನೋಡದೆ ಹೋದಳು. ನನ್ನ ಗಂಡ ಒಳಗೆ ನಕ್ಕದ್ದು ಕೇಳಿಸಿತು.

ಕರೆಂಟು ನನ್ನ ಕಾಲು ಕೊಡಲಿಲ್ಲ. ಯಾರೂ ಕೊಡುತ್ತೇನೆ ಎಂದಿರಲೂ ಇಲ್ಲ. ಮೂಲ ರೋಗ ತನ್ನ ಪಾಡಿಗೆ ತಾನು ಬಂದು ಹೋಗಿ ಮಾಡಿತು, ಗಾಲಿ ಕುರ್ಚಿ ಬಂತು, ಬಲಗೈಯೂ ಅಷ್ಟಕ್ಕಷ್ಟೆ ಆಯಿತು. ನೆನಪಿನಲ್ಲಿ ತೂತುಗಳು ಉಳಿದವು: ಆ ಮಳೆಗಾಲದ ಎಷ್ಟೋ ದಿನ ನನ್ನಲ್ಲಿಲ್ಲ, ಇಲ್ಲಿ ಬರೆದದ್ದರಲ್ಲಿ ಕೆಲವನ್ನು ಅತ್ತೆಯೇ ಹೇಳಿ ತುಂಬಿದ್ದಾಳೆ. ಆದರೆ ಮನೆಗೆ ಗಣಿತ ಕಲಿಯಲು ಹುಡುಗಿಯರು ಬರತೊಡಗಿದರು. ಬೀಜಗಣಿತ ತಪ್ಪು ಮಾಡಿದರೆ ಸಿಟ್ಟು ಬರುತ್ತಿತ್ತು. ಸಿಟ್ಟು ಬರುವುದೆಂದರೆ ಎಂಥ ಸುಖವೆಂದು ಅದನ್ನು ಕಳೆದುಕೊಂಡವರಿಗೇ ಗೊತ್ತು.

ಹೊಸ ಶತಮಾನ ಬಂದು ಕೆಲವು ವರ್ಷಗಳಾಗಿದ್ದಾಗ ಅದು ಮತ್ತೆ ಬಂತು. ಯಾವ ಕಾರಣವೂ ಇರಲಿಲ್ಲ. ಒಂದು ಬೆಳಿಗ್ಗೆ ಫ್ಯಾನು ತಿರುಗುವುದು ಬೇಜಾರಾಯಿತು. ಹುಡುಗಿಯರಿಗೆ ಬರಬೇಡಿರೆಂದೆ. ಅನ್ನ ಮತ್ತೆ ತೊಯ್ದ ಕಾಗದವಾಯಿತು, ತಲೆಯೊಳಗೆ ಹಳೆಯ ಮಾತು ಶುರುವಾಯಿತು, ನೀನು ಹೋದರೆ ಹಗುರ. ಇದು ರೋಗವೆಂದು ಈಗ ನನಗೆ ಗೊತ್ತಿತ್ತು. ಗೊತ್ತಿದ್ದರೂ ಅದು ನನ್ನದೇ ದನಿಯಲ್ಲಿ ಮಾತಾಡುವಾಗ ನಂಬದೆ ಇರುವುದು ಸುಲಭವಲ್ಲ. ಯಾರಿಗೂ ಹೇಳಲಿಲ್ಲ. ಮಧ್ಯಾಹ್ನದ ತಾಟನ್ನು ಪಕ್ಕಕ್ಕೆ ಸರಿಸಿದೆ.

ಅತ್ತೆಗೆ ಆಗ ಸೊಂಟ ಬಗ್ಗಿತ್ತು. ತಾಟಿನ ಮುಂದೆ ನಿಂತು ನೋಡಿದಳು. ಮುಂಚಿನಂತೆ ಎತ್ತಿಕೊಂಡು ಹೋಗಲಿಲ್ಲ. "ಎಷ್ಟ ದಿನಾ ಆತು?" ಎಂದು ಕೇಳಿದಳು. ಅವಳು ಅಂಗಳಕ್ಕೆ ಹೋಗಿ ಬಾಜೂ ಮನೆಗೆ ಕೂಗಿ ಗಾಡಿ ಹೇಳಿದಳು.

ಹೊರಡುವ ಹೊತ್ತಿಗೆ ಸರಿಯಾಗಿ ಗೇಟಿನಲ್ಲಿ ಕಾಕು. ಯಾವುದೋ ಮದುವೆಗೆ ಬಂದವಳು, ನಾನು ಊಟ ಬಿಟ್ಟ ಸುದ್ದಿ ಅದು ಹೇಗೆ ಅವಳ ಕಿವಿಗೆ ಬಿತ್ತೋ, ಕೈಯಲ್ಲಿ ತೆಂಗಿನಕಾಯಿ ಹಿಡಿದು, ಸೆರಗು ತಲೆಯ ಮೇಲೆಳೆದುಕೊಂಡು ಬಂದಿದ್ದಳು. ಅದೇ ಮುಖ, ಅದೇ ಒದ್ದೆ ಕಣ್ಣು. ನನಗೆ ಅದೇ ಹೇಸಿಕೆ ಬಂತು.

ಅತ್ತೆ ಗೇಟಿಗೆ ಅಡ್ಡ ನಿಂತಳು. ಬೀದಿಯಲ್ಲಿ ನೀರು ತುಂಬುತ್ತಿದ್ದ ಹೆಂಗಸರು ಕೊಡ ಕೆಳಗಿಟ್ಟು ನೋಡುತ್ತಿದ್ದರು. ಅವರೆಲ್ಲರಿಗೂ ಕೇಳುವಂತೆ, ಸಂತೆಯಲ್ಲಿ ಕೂಗುವ ದನಿಯಲ್ಲಿ ಹೇಳಿದಳು: "ದರ್ಶನಾ ಇಲ್ಲವ್ವಾ ಇಲ್ಲೆ, ಹೋಗು! ನನ್ನ ಸೊಸಿ ತಲಿಗೆ ಕರೆಂಟ್ ಕೊಡಸಾಕ ಬೆಳಗಾವಿಗೆ ಹೊಂಟೇವಿ!"

ಆಮೇಲೆ ತಿರುಗಿ ನನ್ನ ಗಾಲಿ ಕುರ್ಚಿಯ ಮುಂದೆ ಕಷ್ಟಪಟ್ಟು ಕೂತಳು. ಅವಳ ಬಗ್ಗಿದ ತಲೆ ನನ್ನ ಪಾದದ ಹತ್ತಿರ ಬಂತು. ಅವಳು ಮುಟ್ಟಿದ್ದು ಈ ಸಲವೂ ನನಗೆ ಗೊತ್ತಾಗಲಿಲ್ಲ. ಬಗ್ಗಿ ನೋಡಿದೆ. ನನ್ನ ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದಳು.